ಮೇಳದಲ್ಲಿ ಸ್ಟಾಲ್ ಹಾಕ್ತೀರಾ? ದುಡ್ಡು ಕಟ್ಟೋ ಮುಂಚೆ ಇದನ್ನ ತಿಳ್ಕೊಳ್ಳಿ

ಧಾರವಾಡ: ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಅಂದ್ರೆ ಜನಜಾತ್ರೆ. ಸ್ವಸಹಾಯ ಸಂಘದ ಮಹಿಳೆಯರು, ಸಣ್ಣ ಉದ್ದಿಮೆದಾರರು ಇಂಥ ಮೇಳಗಳಲ್ಲಿ ಸ್ಟಾಲ್ ಹಾಕೋಕೆ ಕೈಯಿಂದ ದುಡ್ಡು ಹಾಕ್ತಾರೆ. ಆದರೆ ಸರಕಿಗೆ ಹೊಂದದ ಸ್ಟಾಲ್ ಹಿಡಿದರೆ ಬಾಡಿಗೆಯೂ ಹುಟ್ಟಲ್ಲ. ಯಾವ ಸ್ಟಾಲ್ ಯಾರಿಗೆ ಸರಿ? ಇಲ್ಲಿದೆ ಮಾಹಿತಿ.

ಸಾಲು ಸ್ಟಾಲ್: ಮೂರು ಕಡೆ ಗೋಡೆ, ಒಂದು ಕಡೆ ಮಾತ್ರ ತೆರೆದಿರುತ್ತೆ. ಸಾಮಾನ್ಯ ಅಳತೆ 3 ಮೀಟರ್‌ಗೆ 3 ಮೀಟರ್, ಅಂದರೆ ಸುಮಾರು 10 ಅಡಿಗೆ 10 ಅಡಿ. ಬಾಡಿಗೆ ಕಮ್ಮಿ, ಇಬ್ಬರಿದ್ದರೆ ಸಾಕು. ಕಸೂತಿ ಸೀರೆ, ಬ್ಯಾಗ್ ತೂಗುಹಾಕೋಕೆ ಗೋಡೆ ಸಿಗುತ್ತೆ.

ಮೂಲೆ ಸ್ಟಾಲ್: ಎರಡು ಕಡೆ ತೆರೆದಿರುತ್ತೆ, ಎರಡೂ ದಾರಿಯ ಜನರಿಗೆ ಕಾಣುತ್ತೆ. ರೊಟ್ಟಿ, ಶೇಂಗಾ ಚಟ್ನಿಯಂತಹ ಬೇಗ ಮಾರಾಟವಾಗೋ ಸರಕಿಗೆ ಒಳ್ಳೇದು. ಆದರೆ ಬಾಡಿಗೆ ಸಾಮಾನ್ಯವಾಗಿ ಹೆಚ್ಚು. ಎರಡೂ ಕಡೆ ಕಣ್ಣಿಡಲು ಒಬ್ಬರು ಜಾಸ್ತಿ ಬೇಕು.

ಮೂರು ಅಥವಾ ನಾಲ್ಕು ಕಡೆ ತೆರೆದ ಸ್ಟಾಲ್: ಟ್ರ್ಯಾಕ್ಟರ್, ಪವರ್ ಟಿಲ್ಲರ್‌ನಂತಹ ಸುತ್ತಾಡಿ ನೋಡಬೇಕಾದ ಯಂತ್ರಗಳಿಗೆ ಇದು ಸರಿ. ಉಪ್ಪಿನಕಾಯಿ ಬಾಟಲಿ ಮಾರೋರಿಗೆ ಬೇಡ. ಸರಕು ಜೋಡಿಸೋಕೂ ಬಚ್ಚಿಡೋಕೂ ಒಂದೇ ಗೋಡೆ ಇರುತ್ತೆ, ಇಲ್ಲವೇ ಗೋಡೆಯೇ ಇರಲ್ಲ.

ಲೆಕ್ಕ ಹಾಕಿ: ಮೂಲೆ ಸ್ಟಾಲ್‌ಗೆ 4,000 ರೂಪಾಯಿ ಹೆಚ್ಚು ಅಂದುಕೊಳ್ಳಿ. ಒಂದು ಪ್ಯಾಕೆಟ್‌ಗೆ 20 ರೂಪಾಯಿ ಲಾಭವಿದ್ದರೆ, ಆ ದುಡ್ಡು ವಾಪಸ್ ಬರೋಕೇ 200 ಪ್ಯಾಕೆಟ್ ಹೆಚ್ಚಿಗೆ ಮಾರಬೇಕು. ನಾಲ್ಕು ದಿನದ ಮೇಳದಲ್ಲಿ ದಿನಕ್ಕೆ 50. ಅಷ್ಟು ಸರಕು ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಸಾಲು ಸ್ಟಾಲೇ ವಾಸಿ.

ಟೇಬಲ್ ಎಲ್ಲಿ?: 10 ಅಡಿ ಬಾಗಿಲಿಗೆ 6 ಅಡಿ ಟೇಬಲ್ ಅಡ್ಡ ಇಟ್ಟರೆ ಒಳಗೆ ಬರೋಕೆ ಉಳಿಯೋದು 4 ಅಡಿ. ಕೊಂಡು ಹೋಗೋ ತಿಂಡಿಯಾದರೆ ಮುಂದೇ ಇರಲಿ. ಬಟ್ಟೆ ಮುಟ್ಟಿ ನೋಡೋರು, ಯಂತ್ರದ ಬಗ್ಗೆ ಕೇಳೋರು ಒಳಗೆ ಬರಬೇಕು, ಹಾಗಾಗಿ ಟೇಬಲ್ ಪಕ್ಕದ ಗೋಡೆಗೆ ಒತ್ತಿಡಿ.

ಬುಕ್ ಮಾಡೋ ಮುಂಚೆ ಕೇಳಿ:
* ಎಷ್ಟು ಕಡೆ ತೆರೆದಿರುತ್ತೆ? ನಕ್ಷೆಯಲ್ಲಿ ತೋರಿಸಿ ಅನ್ನಿ.
* ಎದುರಿಗೆ ಪೆಂಡಾಲ್ ಕಂಬ, ಪಕ್ಕದಲ್ಲಿ ಜನರೇಟರ್ ಬರುತ್ತಾ?
* ಬಾಡಿಗೆಯಲ್ಲಿ ಟೇಬಲ್, ಕುರ್ಚಿ, ಲೈಟ್ ಎಷ್ಟು ಸೇರಿವೆ?
* ಪ್ಲಗ್ ಎಷ್ಟು ಆಂಪಿಯರ್? 5 ಆಂಪಿಯರ್ ಪ್ಲಗ್‌ಗೆ 2,000 ವ್ಯಾಟ್ ಇಂಡಕ್ಷನ್ ಒಲೆ ಹಾಕೋ ಹಾಗಿಲ್ಲ.
* ಮಳೆ ಬಂದರೆ ನೀರು ನುಗ್ಗುತ್ತಾ? ಹಾಗಿದ್ದರೆ ಸರಕನ್ನ ನೆಲದ ಮೇಲಿಡಬೇಡಿ.

ಒಟ್ಟಾರೆ ಪಕ್ಕದವರ ಸ್ಟಾಲ್ ನೋಡಿ ಅಲ್ಲ, ನಿಮ್ಮ ಸರಕು ಮತ್ತು ನಿಮ್ಮ ಜೊತೆ ನಿಲ್ಲೋ ಜನ ಎಷ್ಟು ಅಂತ ನೋಡಿ ಸ್ಟಾಲ್ ಆರಿಸಿ.