ಲಂಡನ್ ಉತ್ಖನನಗಳ ದಾಖಲೆ ಮತ್ತು ಅದರ ರಕ್ಷಣೆ

ನೆಲವನ್ನು ಒಮ್ಮೆ ಅಗೆದ ಬಳಿಕ ಅಲ್ಲಿದ್ದ ಮಣ್ಣಿನ ಸ್ತರಗಳ ವಿನ್ಯಾಸವನ್ನು ಮತ್ತೆ ಕಾಣುವುದು ಯಾರಿಂದಲೂ ಸಾಧ್ಯವಿಲ್ಲವಾದ್ದರಿಂದ, ಅಗೆದವರು ಬರೆದಿಟ್ಟ ಟಿಪ್ಪಣಿ, ಎಳೆದ ನಕ್ಷೆ, ತೆಗೆದ ಛಾಯಾಚಿತ್ರಗಳೇ ಮುಂದಿನ ವಿದ್ವಾಂಸರ ಪಾಲಿಗೆ ಆ ನಿವೇಶನವಾಗಿ ಉಳಿಯುತ್ತವೆ. ಎರಡು ಸಾವಿರ ವರ್ಷಗಳ ಜನವಸತಿಯ ಮೇಲೆ ನಿಂತು, ತನ್ನ ಕಟ್ಟಡಗಳನ್ನು ಪುನಃ ಪುನಃ ಕೆಡವಿ ಕಟ್ಟುತ್ತಿರುವ ಲಂಡನ್ ನಗರದಲ್ಲಿ ಈ ಮಾತು ವಿಶೇಷವಾಗಿ ಸತ್ಯ.

1973ರಲ್ಲಿ ಅಲ್ಲಿನ ಗಿಲ್ಡ್‌ಹಾಲ್ ಮ್ಯೂಸಿಯಂ ಸ್ಥಾಪಿಸಿದ ನಗರ ಪುರಾತತ್ತ್ವ ವಿಭಾಗವು ಕ್ರಮೇಣ ರೂಢಿಸಿದ ಪದ್ಧತಿಯನ್ನು ಈ ಚರಿತ್ರೆಯ ಮೊದಲ ಘಟ್ಟವೆನ್ನಬಹುದು. ಪ್ರತಿಯೊಂದು ಸ್ತರಕ್ಕೂ ಗುಂಡಿಗೂ ಗೋಡೆಗೂ ಒಂದೊಂದು ಸಂಖ್ಯೆ; ಆ ಸಂಖ್ಯೆಗೆ ಒಂದು ಮುದ್ರಿತ ಹಾಳೆ, ಪಾರದರ್ಶಕ ಹಾಳೆಯ ಮೇಲೆ 1:20 ಪ್ರಮಾಣದ ಒಂದು ನಕ್ಷೆ; ಇಡೀ ನಿವೇಶನಕ್ಕೆ ಮೂರು ಅಕ್ಷರಗಳೂ ವರ್ಷಸೂಚಕವಾದ ಎರಡು ಅಂಕಿಗಳೂ ಕೂಡಿದ ಸಂಕೇತ. ಬ್ಲೂಮ್‌ಬರ್ಗ್ ಸಂಸ್ಥೆಯ ಕಟ್ಟಡಕ್ಕಾಗಿ 2010ರಲ್ಲಿ ಅಗೆಯತೊಡಗಿದ ನಿವೇಶನವು ‘ಬಿಝಡ್‌ವೈ10’ ಆದದ್ದು ಹೀಗೆ. ಅಲ್ಲಿ ದೊರೆತ 405 ರೋಮನ್ ಬರೆಹದ ಹಲಗೆಗಳಲ್ಲಿ ಒಂದು ಕ್ರಿ.ಶ. 57ರ ಜನವರಿ 8ಕ್ಕೆ ಸಮನಾದ ದಿನಾಂಕವನ್ನು ಹೊತ್ತಿದೆ. ಆದರೆ ಸುತ್ತಲಿನ ಮಣ್ಣಿನ ಕಾಲನಿರ್ಣಯಕ್ಕೆ ಆ ಹಲಗೆ ಪ್ರಮಾಣವಾಗುವುದು, ಅದು ಹುದುಗಿದ್ದ ಸ್ತರದ ಸಂಖ್ಯೆ ದಾಖಲೆಯಲ್ಲಿ ಉಳಿದಿರುವುದರಿಂದ ಮಾತ್ರ.

1989ರಲ್ಲಿ ಸದರ್ಕ್‌ನಲ್ಲಿ ರೋಸ್ ನಾಟಕಶಾಲೆಯ ಅವಶೇಷಗಳು ಬೆಳಕಿಗೆ ಬಂದು ದೊಡ್ಡ ವಿವಾದವೆದ್ದ ಮರುವರ್ಷವೇ ಹೊರಟ ಸರ್ಕಾರಿ ಮಾರ್ಗಸೂಚಿಯಿಂದಾಗಿ ಉತ್ಖನನದ ವೆಚ್ಚವು ಕಟ್ಟಡ ಕಟ್ಟುವವರ ಮೇಲೆ ಬಿತ್ತು. ಉತ್ಖನನಗಳು ಹೆಚ್ಚಿದವು, ಅಗೆಯುವ ಸಂಸ್ಥೆಗಳೂ ಹೆಚ್ಚಿದವು, ದಾಖಲೆಗಳು ಗಣಕಯಂತ್ರವನ್ನು ಸೇರತೊಡಗಿದವು. ಅವುಗಳ ರಕ್ಷಣೆಗಾಗಿ ಯಾರ್ಕ್ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಪುರಾತತ್ತ್ವ ದತ್ತಾಂಶ ಸೇವೆ ಆರಂಭವಾಯಿತು.

ಆ ಸೇವೆಗೆ ಮೊದಲ ಕಠಿಣ ಪರೀಕ್ಷೆಯು ಲಂಡನ್ನಿನಿಂದಲೇ ಬಂದಿತು. 1998ರಲ್ಲಿ ನ್ಯೂಹ್ಯಾಮ್ ಮ್ಯೂಸಿಯಂನ ಪುರಾತತ್ತ್ವ ಶಾಖೆ ಮುಚ್ಚಿಹೋದಾಗ, ಅದರ ಕೆಲಸದ ಫಲವೆಲ್ಲ 200ಕ್ಕೂ ಹೆಚ್ಚು ಫ್ಲಾಪಿಗಳಲ್ಲಿ ಯಾರ್ಕ್‌ಗೆ ಬಂದು ಬಿದ್ದಿತು. ಕೆಲವನ್ನು ಯಂತ್ರವು ಓದಲೇ ಇಲ್ಲ. ಓದಿದವುಗಳಲ್ಲಿ ಎಷ್ಟೋ ಕಡತಗಳು ಬಳಕೆ ತಪ್ಪಿದ ತಂತ್ರಾಂಶಗಳಿಂದ ರಚಿತವಾದವು. ಕಡತದ ಮೊಟಕು ಹೆಸರು ಯಾವ ನಿವೇಶನವನ್ನು, ಯಾವ ಪಟ್ಟಿಯನ್ನು ಸೂಚಿಸುತ್ತದೆಂದು ಹೇಳುವ ಟಿಪ್ಪಣಿ ಬಹುಮಟ್ಟಿಗೆ ಇರಲಿಲ್ಲ. ಕಪಾಟಿನಲ್ಲಿ ಮರೆತುಬಿಟ್ಟ ಕಾಗದವನ್ನು ಐವತ್ತು ವರ್ಷಗಳ ನಂತರವೂ ಧೂಳು ಕೊಡವಿ ಓದಬಹುದು. ಹತ್ತೇ ವರ್ಷಗಳ ಅಲಕ್ಷ್ಯವು ಫ್ಲಾಪಿಯನ್ನು ಮೂಕವಾಗಿಸಬಲ್ಲದು.

ಇಂಥ ಅನುಭವದಿಂದಲೇ ಇಂದಿನ ಕ್ರಮವು ಗಟ್ಟಿಗೊಂಡಿತೆಂದು ನನ್ನ ಭಾವನೆ. ಬಂದ ಕಡತವನ್ನು ಮುಟ್ಟದೆ ಹಾಗೆಯೇ ಇರಿಸಿ, ದೀರ್ಘಕಾಲ ಬಾಳಬಲ್ಲ ಮುಕ್ತ ರೂಪಕ್ಕೆ ಅದನ್ನು ಪರಿವರ್ತಿಸಿ, ಜನರ ಬಳಕೆಗೆ ಬೇರೊಂದು ಪ್ರತಿಯನ್ನು ಸಿದ್ಧಪಡಿಸುತ್ತಾರೆ; ಕಡತದ ಒಳಗಿನಿಂದ ಗಣಿಸಿ ತೆಗೆದ ಒಂದು ಅಂಕೆಯನ್ನು ಕಾಲಕಾಲಕ್ಕೆ ತಾಳೆ ನೋಡಿ, ಒಂದಕ್ಷರವೂ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಅಚ್ಚಾಗದೆ ಉಳಿಯುತ್ತಿದ್ದ ಉತ್ಖನನ ವರದಿಗಳೂ ‘ಒಯಾಸಿಸ್’ ವ್ಯವಸ್ಥೆಯ ಮೂಲಕ ಅಲ್ಲಿಗೆ ಸೇರಿ, ಯಾರು ಬೇಕಾದರೂ ಓದುವಂತಾಗಿವೆ.

ಲಂಡನ್ ನಗರವು ತನ್ನದೇ ಪುರಾತತ್ತ್ವ ದಾಖಲೆ ಮತ್ತು ಸಂಶೋಧನ ಕೇಂದ್ರವನ್ನು 2002ರಲ್ಲಿ ಹ್ಯಾಕ್ನಿಯ ಮಾರ್ಟಿಮರ್ ವೀಲರ್ ಭವನದಲ್ಲಿ ತೆರೆಯಿತು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆಸಿ, ಕನ್ನಡನಾಡಿನ ಪ್ರಾಚೀನ ಸಂಸ್ಕೃತಿಗಳ ಅನುಕ್ರಮವನ್ನು ಗುರುತಿಸಿದ ವೀಲರ್ ಇವರೇ ಎಂಬುದನ್ನು ನಮ್ಮ ಓದುಗರು ಸಂತೋಷದಿಂದ ನೆನೆಯಬಹುದು. 8,000ಕ್ಕೂ ಹೆಚ್ಚು ನಿವೇಶನಗಳ ದಾಖಲೆಯುಳ್ಳ ಈ ಭಂಡಾರವು ತನ್ನ ಸೂಚಿಯನ್ನು ಅಂತರ್ಜಾಲದಲ್ಲಿಯೂ ಇರಿಸಿತು.

ಯಾರ್ಕ್‌ನ ಸೇವೆಯು ದಾಖಲೆಯನ್ನು ಒಪ್ಪಿಸುವಾಗ ಒಂದೇ ಬಾರಿ ಶುಲ್ಕ ಪಡೆದು, ಮುಂದಿನ ಪೋಷಣೆಯ ಹೊಣೆಯನ್ನು ತಾನು ಹೊರುತ್ತದೆ. ಆ ಮೊತ್ತವು ಉತ್ಖನನದ ಮೊದಲ ಅಂದಾಜುಪಟ್ಟಿಯಲ್ಲಿಯೇ ಸೇರದಿದ್ದರೆ, ಕಟ್ಟಡ ಮೇಲೆದ್ದ ನಂತರ ಅದನ್ನು ತೆರುವವರು ಸಿಕ್ಕುವುದು ದುರ್ಲಭ. ಕಟ್ಟಡಕ್ಕೆ ಅನುಮತಿ ನೀಡುವ ಸ್ಥಳೀಯ ಸಂಸ್ಥೆಗಳು, ಗಣಕದ ಕಡತಗಳು ಭಂಡಾರ ಸೇರಿದ ರಸೀದಿಯನ್ನು ಕಣ್ಣಾರೆ ಕಂಡಲ್ಲದೆ ಪುರಾತತ್ತ್ವದ ಷರತ್ತು ಪೂರೈಸಿತೆಂದು ಬರೆದುಕೊಡಬಾರದು.