ಹಸ್ತಿನಾಪುರದ ಗಂಗೆ, ಕೌಶಾಂಬಿಯ ಯಮುನೆ

ಹಸ್ತಿನಾಪುರವೆಂದೊಡನೆ ಶ್ರಾವಕರ ಮನಸ್ಸಿಗೆ ಬರುವುದು ಭಗವಾನ್ ವೃಷಭದೇವರಿಗೆ ಶ್ರೇಯಾಂಸನು ಇಕ್ಷುರಸದ ಆಹಾರದಾನವಿತ್ತ ಪುಣ್ಯಪ್ರಸಂಗ. ಶಾಂತಿನಾಥ, ಕುಂಥುನಾಥ, ಅರನಾಥ ತೀರ್ಥಂಕರರ ಜನ್ಮಭೂಮಿಯೂ ಅದೇ. ಯಾತ್ರಿಕರು ಜಿನಮಂದಿರಗಳ ದರ್ಶನ ಪಡೆದು ಮರಳುತ್ತಾರೆ. ಊರಿನ ಮಣ್ಣಿನ ದಿಬ್ಬಗಳತ್ತ ತಿರುಗಿ ನೋಡುವವರು ವಿರಳ.

ಆ ದಿಬ್ಬಗಳಲ್ಲಿ 1950ರಿಂದ 1952ರವರೆಗೆ ಪುರಾತತ್ತ್ವಜ್ಞ ಬಿ. ಬಿ. ಲಾಲ್ ಅವರು ಉತ್ಖನನ ನಡೆಸಿದರು. ಚಿತ್ರಿತ ಬೂದು ಮಡಕೆಗಳನ್ನು ಬಳಸುತ್ತಿದ್ದ ಜನರ ವಸತಿಯು ಗಂಗೆಯ ಮಹಾಪೂರದಿಂದ ಕೊನೆಗೊಂಡಿತೆಂಬುದಕ್ಕೆ ಅವರಿಗೆ ಸಾಕ್ಷ್ಯ ದೊರೆಯಿತು. ದಿಬ್ಬದ ಒಂದು ಭಾಗವೇ ಕೊಚ್ಚಿಹೋಗಿದ್ದಿತು. ನದಿಯ ಹಳೆಯ ಪಾತ್ರದಲ್ಲಿ ಕೊರೆದು ತೆಗೆದ ಮಣ್ಣಿನಲ್ಲಿಯೂ ಊರಿನ ಅವಶೇಷಗಳು ಕಂಡುಬಂದವು. ಹಸ್ತಿನಾಪುರವನ್ನು ಗಂಗೆ ಕೊಚ್ಚಿದ ಮೇಲೆ ನಿಚಕ್ಷು ಎಂಬ ಅರಸನು ರಾಜಧಾನಿಯನ್ನು ಕೌಶಾಂಬಿಗೆ ಒಯ್ದನೆಂದು ಪುರಾಣಗಳು ಹೇಳುತ್ತವೆ. ಕೌಶಾಂಬಿಯೋ ಪದ್ಮಪ್ರಭ ತೀರ್ಥಂಕರರ ಜನ್ಮಸ್ಥಳ, ಚಂದನೆಯು ಮಹಾವೀರಸ್ವಾಮಿಗೆ ಆಹಾರವಿತ್ತ ನಗರಿ. ಅದೂ ನದೀತೀರವೇ, ಅದರ ಕೋಟೆಯ ಅವಶೇಷಗಳು ಇಂದಿಗೂ ಯಮುನೆಯ ದಂಡೆಯಲ್ಲಿವೆ.

ಗಂಗೆಯು ಈಗ ಹಸ್ತಿನಾಪುರದಿಂದ ದೂರ ಸರಿದಿದೆ. ಹಳೆಯ ಪಾತ್ರವನ್ನು ಜನರು ಬೂಢಿ ಗಂಗಾ ಎನ್ನುತ್ತಾರೆ. ನದಿಯ ಇಂತಹ ನಡೆಯನ್ನು ಆಕಾಶದಿಂದ ಓದುವ ವಿದ್ಯೆಯೇ ದೂರಸಂವೇದನೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿ 1972ರಲ್ಲಿಯೂ ನಮ್ಮ ಐಆರ್‌ಎಸ್ ಸರಣಿ 1988ರಲ್ಲಿಯೂ ಆರಂಭವಾದವು. ಅವಗೆಂಪು ಕಿರಣಗಳನ್ನು ನೀರು ಹೀರಿಕೊಳ್ಳುವುದರಿಂದ ಚಿತ್ರದಲ್ಲಿ ನದಿಯು ಕಪ್ಪಾಗಿ, ಬೆಳೆಯುಳ್ಳ ಹೊಲವು ಬೆಳ್ಳಗೆ ಕಾಣುತ್ತದೆ. ಬತ್ತಿದ ಪಾತ್ರದಲ್ಲಿ ತೇವ ಉಳಿದಿದ್ದರೆ ಅದರ ಬಳುಕು ಕೂಡ ಗೋಚರಿಸುತ್ತದೆ. ಬೇರೆ ಬೇರೆ ವರ್ಷಗಳ, ಆದರೆ ಒಂದೇ ಋತುವಿನ ಚಿತ್ರಗಳ ಮೇಲೆ ದಂಡೆಯ ಗೆರೆ ಎಳೆದು ಒಂದರ ಮೇಲೊಂದಿಟ್ಟರೆ, ನೆಲ ಎಲ್ಲಿ ಕರಗಿತು, ಎಲ್ಲಿ ಮೆಕ್ಕಲು ಕೂಡಿತು ಎಂಬುದು ತಿಳಿಯುತ್ತದೆ. ವ್ಯಾಪಾರಿಗಳಾದ ನಮಗೆ ಇದು ಹೊಸತಲ್ಲ: ಆರಂಭದ ಶಿಲ್ಕು, ಅಂತ್ಯದ ಶಿಲ್ಕು, ನಡುವಿನ ನಷ್ಟ.

ಆದರೆ ಲೆಕ್ಕದಲ್ಲಿ ಎಚ್ಚರ ಬೇಕು. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಸುಮಾರು 30 ಮೀಟರು, 2015ರಲ್ಲಿ ಮೇಲೇರಿದ ಯುರೋಪಿನ ಸೆಂಟಿನೆಲ್-2ರದು 10 ಮೀಟರು. ವರ್ಷಕ್ಕೆ ಎರಡು ಮೀಟರು ಕುಸಿಯುವ ದಂಡೆಯು ಒಂದೆರಡು ವರ್ಷದ ಚಿತ್ರಗಳಲ್ಲಿ ಅಲುಗದಂತೆಯೇ ತೋರುತ್ತದೆ. ಬೇಸಗೆಯ ಚಿತ್ರವನ್ನು ಮಳೆಗಾಲದ ಚಿತ್ರಕ್ಕೆ ಹೋಲಿಸಿದರಂತೂ ನೀರಿನ ಏರಿಳಿತವನ್ನೇ ಕೊರೆತವೆಂದು ಭ್ರಮಿಸುವೆವು. ಪ್ರವಾಹದ ದಿನಗಳಲ್ಲಿ ಮೋಡವೂ ಅಡ್ಡ. ಆಗ ರೇಡಾರ್ ಉಪಗ್ರಹಗಳೇ ಗತಿ.

ಕಷ್ಟದ ಪ್ರಶ್ನೆಯು ಅಪಾಯ ತಿಳಿದ ಮೇಲೆ ಏಳುತ್ತದೆ. ತಿಳಿಯದೆ ಕಳೆದುಕೊಂಡದ್ದು ಬೇರೆ. ತಿಳಿದೂ ಸುಮ್ಮನಿದ್ದರೆ ಅದು ಪ್ರಮಾದ. ಹಾಗೆಂದು ಒಡನೆಯೇ ಕಲ್ಲಿನ ಒಡ್ಡು ಕಟ್ಟಿಸಿ ದಾನಿಗಳ ಹೆಸರು ಕೆತ್ತಿಸುವ ಉತ್ಸಾಹವೂ ನನಗೆ ಒಪ್ಪಿಗೆಯಿಲ್ಲ. ನೀರಿನೊಳಕ್ಕೆ ಚಾಚಿದ ಒಡ್ಡು ಸೆಳವನ್ನು ಎದುರು ದಂಡೆಗೆ ತಳ್ಳಬಲ್ಲದು. ಅಲ್ಲಿರುವುದು ಯಾರೋ ಬಡ ರೈತನ ಹೊಲ. ನಮ್ಮ ತೀರ್ಥಂಕರರ ಭೂಮಿಯನ್ನು ಅವನ ಅನ್ನದ ಭೂಮಿಯನ್ನಿತ್ತು ಉಳಿಸುವುದು ಯಾವ ಅಹಿಂಸೆ? ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ನಿರ್ಮಾಣವನ್ನು 2010ರ ತಿದ್ದುಪಡಿಯು ನಿಷೇಧಿಸಿದೆ. ಟ್ರಸ್ಟುಗಳು ತಾವೇ ಕೈಹಾಕುವಂತಿಲ್ಲ, ಪುರಾತತ್ತ್ವ ಇಲಾಖೆಯನ್ನೂ ನೀರಾವರಿ ತಜ್ಞರನ್ನೂ ಮೊದಲು ಕಾಣಬೇಕು.

ನದೀತೀರದಲ್ಲಿ ಬಸದಿಯನ್ನೋ ನಿಷಿಧಿಯನ್ನೋ ಉಳ್ಳ ಟ್ರಸ್ಟುಗಳು ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಒಂದು ಗುರುತುಕಲ್ಲಿನಿಂದ ದಂಡೆಯ ಅಂಚಿನವರೆಗಿನ ದೂರವನ್ನು ಅಳೆಸಿ ನಡವಳಿ ಪುಸ್ತಕದಲ್ಲಿ ದಾಖಲಿಸಲಿ. ಉಪಗ್ರಹಚಿತ್ರ ಓದುವ ವಿಜ್ಞಾನಿಗೆ ಬೇಕಾದ ನೆಲದ ಸಾಕ್ಷ್ಯ ಅದೇ. ಎದುರು ದಂಡೆಯ ಅಳತೆಯನ್ನೂ ಅದೇ ಪುಟದಲ್ಲಿ ಬರೆಯಿಸಲಿ.