ಸ್ಯಾಂಟೊರಿನಿ: ಜನಜಂಗುಳಿಯ ದ್ವೀಪದಲ್ಲಿ ವಿಶ್ರಾಂತಿಯ ನಾಲ್ಕು ದಿನ

ಏಜಿಯನ್ ಕಡಲಿನ ಗಾಢ ನೀಲಿ, ಬಂಡೆಯಂಚಿಗೆ ಅಂಟಿಕೊಂಡ ಸುಣ್ಣದ ಬಿಳಿ ಮನೆಗಳು, ನೀಲಿ ಗುಮ್ಮಟಗಳು, ಕೆಂಪೇರಿದ ಸಂಜೆ. ಗ್ರೀಸ್ ಎಂದೊಡನೆ ಕಣ್ಮುಂದೆ ಮೂಡುವ ಈ ಚಿತ್ರ ಬಹುಮಟ್ಟಿಗೆ ಸ್ಯಾಂಟೊರಿನಿ ದ್ವೀಪದ್ದು. ಚಿತ್ರದಲ್ಲಿ ಕಾಣದ ಸಂಗತಿಯೂ ಒಂದಿದೆ. 2024ರ ಜುಲೈ ತಿಂಗಳಲ್ಲಿ ಒಂದೇ ದಿನ ವಿಹಾರ ನೌಕೆಗಳಿಂದ ಸುಮಾರು 11,000 ಪ್ರವಾಸಿಗರು ಇಳಿಯಲಿದ್ದಾಗ, ಅಂದು ಓಡಾಟ ಕಡಿಮೆ ಮಾಡುವಂತೆ ಸ್ಥಳೀಯ ಜನಪ್ರತಿನಿಧಿಯೊಬ್ಬರು ದ್ವೀಪದ ನಿವಾಸಿಗಳನ್ನೇ ಕೋರಿದ್ದರು. ಅತಿಥಿಗಳಿಗಾಗಿ ಮನೆಯವರೇ ಬಾಗಿಲು ಹಾಕಿಕೊಳ್ಳಬೇಕೇ ಎಂಬ ಆಕ್ರೋಶ ಅದರ ಬೆನ್ನಲ್ಲೇ ವ್ಯಕ್ತವಾಯಿತು.

ಸುಮಾರು 76 ಚದರ ಕಿ.ಮೀ. ವಿಸ್ತೀರ್ಣದ, 15 ಸಾವಿರದಷ್ಟು ಕಾಯಂ ನಿವಾಸಿಗಳಿರುವ ಈ ದ್ವೀಪಕ್ಕೆ 2023ರಲ್ಲಿ ಭೇಟಿ ನೀಡಿದವರ ಸಂಖ್ಯೆ 34 ಲಕ್ಷವೆಂದು ಅಂದಾಜು. ಹೀಗಿರುವಾಗ ಅಲ್ಲಿ ನೆಮ್ಮದಿಯಾಗಿ ನಾಲ್ಕು ದಿನ ಕಳೆಯಲು ಸಾಧ್ಯವೇ? ಸಾಧ್ಯವಿದೆ. ಅದಕ್ಕೆ ಬೇಕಾದುದು ಗಡಿಯಾರದ ಲೆಕ್ಕಾಚಾರ. ಯಾವ ಊರನ್ನು ನೋಡಬೇಕು ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ನೋಡಬೇಕು ಎಂಬುದೇ ಇಲ್ಲಿ ಮುಖ್ಯ.

ಬೆಂಕಿಯಿಂದ ಹುಟ್ಟಿದ ಸೌಂದರ್ಯ

ಗ್ರೀಕರು ಥಿರಾ ಎಂದು ಕರೆಯುವ ಸ್ಯಾಂಟೊರಿನಿ ರಾಜಧಾನಿ ಅಥೆನ್ಸ್‌ನ ಆಗ್ನೇಯಕ್ಕೆ, ಸಿಕ್ಲೇಡ್ಸ್ ದ್ವೀಪಸಮೂಹದ ದಕ್ಷಿಣ ಭಾಗದಲ್ಲಿದೆ. ಕ್ರಿ.ಪೂ. 1600ರ ಸುಮಾರಿಗೆ ಸಂಭವಿಸಿದ ಭೀಕರ ಜ್ವಾಲಾಮುಖಿ ಸ್ಫೋಟದಲ್ಲಿ ದ್ವೀಪದ ನಡುಭಾಗ ಕುಸಿದು ಕಡಲೊಳಗೆ ಸೇರಿತು. ಹಾಗೆ ಉಂಟಾದ ಬೃಹತ್ ಬಾಣಲೆಯಂಥ ಕುಳಿಯೇ ಕ್ಯಾಲ್ಡೆರಾ. ಅದರ ಸುತ್ತ ಸುಮಾರು 300 ಮೀಟರ್ ಎತ್ತರದವರೆಗೆ ಕಡಿದಾಗಿ ಎದ್ದುನಿಂತ ಬಂಡೆಗೋಡೆಯ ನೆತ್ತಿಯಲ್ಲಿ ಫಿರಾ, ಇಮೆರೊವಿಗ್ಲಿ, ಇಯಾ ಊರುಗಳಿವೆ.

ಈ ಬಂಡೆಯ ಮೃದುವಾದ ಜ್ವಾಲಾಮುಖಿ ಬೂದಿಯನ್ನು ಕೊರೆದು ಗುಹೆಮನೆಗಳನ್ನು ಕಟ್ಟುವ ಪದ್ಧತಿ ದ್ವೀಪದಲ್ಲಿ ಹಳೆಯದು. ಬೇಸಿಗೆಯಲ್ಲಿ ತಂಪಾಗಿಯೂ ಚಳಿಗಾಲದಲ್ಲಿ ಬೆಚ್ಚಗೂ ಇರುವ ಈ ಮನೆಗಳು ಒಂದು ಕಾಲಕ್ಕೆ ಬಡವರ ಮತ್ತು ನಾವಿಕರ ವಾಸಸ್ಥಾನ. ಇಂದು ಅವೇ ಅತ್ಯಂತ ದುಬಾರಿ ತಂಗುದಾಣಗಳಾಗಿವೆ.

ಎಷ್ಟು ದಿನ, ಯಾವ ಕಾಲ?

ಒಂದೇ ದಿನದಲ್ಲಿ ನೋಡಿ ಮುಗಿಸುವ ಅವಸರವೇ ಇಲ್ಲಿನ ಪ್ರವಾಸವನ್ನು ಕೆಡಿಸುತ್ತದೆ. ವಿಹಾರ ನೌಕೆಗಳ ಪ್ರವಾಸಿಗರು ಸಾಮಾನ್ಯವಾಗಿ ಬೆಳಗ್ಗೆ 10ರ ಹೊತ್ತಿಗೆ ಮೇಲೇರಿ ಬಂದು ಸಂಜೆಯ ವೇಳೆಗೆ ಹಡಗಿಗೆ ಮರಳುತ್ತಾರೆ. ದ್ವೀಪದಲ್ಲೇ ತಂಗುವವರಿಗೆ ಮುಂಜಾನೆ ಮತ್ತು ರಾತ್ರಿ ಎರಡೂ ಸಿಗುತ್ತವೆ. ಕನಿಷ್ಠ ಮೂರು, ಸಾಧ್ಯವಾದರೆ ನಾಲ್ಕು ರಾತ್ರಿ ಉಳಿಯುವುದು ಆದ್ದರಿಂದ ಸೂಕ್ತ. ಮಿಕೊನೋಸ್, ಕ್ರೀಟ್ ದ್ವೀಪಗಳನ್ನೂ ಅದೇ ವಾರಕ್ಕೆ ಸೇರಿಸಿದರೆ ರಜೆಯ ಬಹುಪಾಲು ಬಂದರುಗಳಲ್ಲಿ ಕಾಯುವುದಕ್ಕೇ ಹೋಗುತ್ತದೆ.

ಏಪ್ರಿಲ್ ಕೊನೆಯಿಂದ ಜೂನ್ ಮಧ್ಯಭಾಗ ಹಾಗೂ ಸೆಪ್ಟೆಂಬರ್ ಮಧ್ಯಭಾಗದಿಂದ ಅಕ್ಟೋಬರ್ ಅಂತ್ಯದವರೆಗಿನ ಅವಧಿ ಪ್ರಶಸ್ತ. ಜುಲೈ-ಆಗಸ್ಟ್‌ನಲ್ಲಿ ಬಿಸಿಲು, ಬೆಲೆ, ಜನದಟ್ಟಣೆ ಮೂರೂ ಏರುತ್ತವೆ. ಜೊತೆಗೆ ಮೆಲ್ಟೆಮಿ ಎಂಬ ಉತ್ತರದ ಬಲವಾದ ಗಾಳಿ ಬೀಸಿ ಹಡಗು ಸಂಚಾರವನ್ನು ಆಗಾಗ ಅಸ್ತವ್ಯಸ್ತಗೊಳಿಸುತ್ತದೆ. ಚಳಿಗಾಲದಲ್ಲಿ ದ್ವೀಪ ಶಾಂತವಾಗಿದ್ದರೂ ಅನೇಕ ಹೋಟೆಲು, ಉಪಾಹಾರಗೃಹಗಳು ಮುಚ್ಚಿರುತ್ತವೆ. ಕಡಲೂ ಈಜಲಾಗದಷ್ಟು ತಣ್ಣಗಿರುತ್ತದೆ.

ತಲುಪುವ ಬಗೆ

ಭಾರತೀಯ ಪಾಸ್‌ಪೋರ್ಟ್ ಹೊಂದಿರುವವರಿಗೆ ಷೆಂಗೆನ್ ವೀಸಾ ಅಗತ್ಯ. ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಕೊನೆಯ ಗಡುವು 15 ದಿನ ಮುಂಚೆಯಾದರೂ ಅಷ್ಟರವರೆಗೆ ಕಾಯುವುದು ಜಾಣತನವಲ್ಲ. ವಯಸ್ಕರಿಗೆ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆಯೂ ಕಡ್ಡಾಯ. ವೀಸಾ ಕೈಸೇರುವ ಮುನ್ನ ಕೊಠಡಿ ಕಾಯ್ದಿರಿಸುವವರು, ಹಣ ಮರಳಿ ಸಿಗುವ ಷರತ್ತಿನ ಮೇಲೆಯೇ ಕಾಯ್ದಿರಿಸುವುದು ಕ್ಷೇಮ.

ಬೆಂಗಳೂರಿನಿಂದ ಹೊರಡುವವರು ನಡುವೆ ವಿಮಾನ ಬದಲಿಸಿ ಅಥೆನ್ಸ್ ತಲುಪಬೇಕು. ಅಲ್ಲಿಂದ ಸ್ಯಾಂಟೊರಿನಿಗೆ ವಿಮಾನದಲ್ಲಿ ಮುಕ್ಕಾಲು ಗಂಟೆಯ ದಾರಿ. ಅಥೆನ್ಸ್‌ನ ಬಂದರು ಪಿರೇಯಸ್‌ನಿಂದ ಹಡಗಿನಲ್ಲೂ ಹೋಗಬಹುದು. ವೇಗದ ದೋಣಿಗಳು ಸುಮಾರು ಐದು ಗಂಟೆಯಲ್ಲಿ, ದೊಡ್ಡ ಹಡಗುಗಳು ಏಳೆಂಟು ಗಂಟೆಯಲ್ಲಿ ಅಥಿನಿಯೋಸ್ ಬಂದರನ್ನು ಮುಟ್ಟುತ್ತವೆ. ಕಡಲ ಪ್ರಯಾಣ ಒಗ್ಗದವರಿಗೆ ಹೆಚ್ಚು ಅಲುಗಾಡದ ದೊಡ್ಡ ಹಡಗೇ ವಾಸಿ.

ಮರಳುವ ಪ್ರಯಾಣದಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಾಳಿ ಅಥವಾ ಮುಷ್ಕರದಿಂದ ಹಡಗು ನಿಂತರೆ ಅಥೆನ್ಸ್‌ನ ವಿಮಾನ ತಪ್ಪುತ್ತದೆ. ಆದ್ದರಿಂದ ಸ್ವದೇಶಕ್ಕೆ ಹೊರಡುವ ಹಿಂದಿನ ರಾತ್ರಿಯನ್ನು ಅಥೆನ್ಸ್‌ನಲ್ಲೇ ಕಳೆಯುವಂತೆ ಯೋಜಿಸುವುದು ಒಳ್ಳೆಯದು.

ಎಲ್ಲಿ ತಂಗಬೇಕು?

ಕ್ಯಾಲ್ಡೆರಾ ಅಂಚಿನ ಕೊಠಡಿಗಳಿಗೆ ನೋಟವೇ ಬೆಲೆ. ಅವುಗಳ ಪೈಕಿ ಫಿರಾ ಗದ್ದಲದ ಊರು, ಇಯಾ ಅತಿ ಪ್ರಸಿದ್ಧ ಊರು. ಇವೆರಡರ ನಡುವೆ ಎತ್ತರದಲ್ಲಿರುವ ಇಮೆರೊವಿಗ್ಲಿ ಹೆಚ್ಚು ಶಾಂತ. ಆದರೆ ಅಂಚಿನ ಊರುಗಳೆಲ್ಲ ಮೆಟ್ಟಿಲುಮಯ. ಬಾಗಿಲವರೆಗೆ ವಾಹನ ಹೋಗುವುದಿಲ್ಲ. ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವವರು ರಸ್ತೆಯಿಂದ ಕೊಠಡಿಗೆ ಎಷ್ಟು ಮೆಟ್ಟಿಲುಗಳಿವೆ ಎಂದು ಮೊದಲೇ ವಿಚಾರಿಸಬೇಕು.

ಪೂರ್ವ ತೀರದ ಕಮಾರಿ ಮತ್ತು ಆಗ್ನೇಯದ ಪೆರಿಸ್ಸಾ ಸಮತಟ್ಟಾದ ಊರುಗಳು. ಕ್ಯಾಲ್ಡೆರಾದ ನೋಟ ಇಲ್ಲಿಂದ ಸಿಗದಿದ್ದರೂ ಕಪ್ಪು ಮರಳಿನ ಕಡಲತೀರ ಹೆಜ್ಜೆಯಳತೆಯಲ್ಲೇ ಇದೆ. ದರವೂ ಕಡಿಮೆ. ಮಕ್ಕಳಿರುವ ಕುಟುಂಬಗಳಿಗೆ ಇವು ಅನುಕೂಲ. ಒಳನಾಡಿನ ಪಿರ್ಗೋಸ್, ಮೆಗಾಲೊಹೋರಿ ಹಳ್ಳಿಗಳಲ್ಲಿ ದ್ವೀಪದ ದಿನನಿತ್ಯದ ಬದುಕು ಇನ್ನೂ ಕಾಣಸಿಗುತ್ತದೆ. ಎರಡು ರಾತ್ರಿ ತೀರದಲ್ಲಿ, ಎರಡು ರಾತ್ರಿ ಅಂಚಿನಲ್ಲಿ ಎಂಬ ಲೆಕ್ಕ ಖರ್ಚಿಗೂ ಹಿತ, ಮನಸ್ಸಿಗೂ ಹಿತ. ಬೇಸಿಗೆಯ ತಿಂಗಳುಗಳಲ್ಲಿ ಹೋಟೆಲಿನ ದರ್ಜೆಗೆ ತಕ್ಕಂತೆ ಪ್ರತಿ ಕೊಠಡಿಗೆ ಪ್ರತಿ ರಾತ್ರಿ ಸರ್ಕಾರದ ಹವಾಮಾನ ಶುಲ್ಕವನ್ನು ಪ್ರತ್ಯೇಕವಾಗಿ ತೆರಬೇಕು ಎಂಬುದು ಗಮನದಲ್ಲಿರಲಿ.

ನಾಲ್ಕು ದಿನಗಳ ಕ್ರಮ

ಮೊದಲ ದಿನ ಪ್ರಯಾಣದ ಆಯಾಸ ಕಳೆಯುವುದಕ್ಕೆ ಮೀಸಲು. ಸಂಜೆ ಪಿರ್ಗೋಸ್‌ನ ಹಳೆಯ ಕೋಟೆಯ ಕಡೆಗೆ ನಿಧಾನವಾಗಿ ಹತ್ತಿದರೆ ಸಾಕು. ದ್ವೀಪದ ಎರಡೂ ಬದಿಯ ಕಡಲು ಅಲ್ಲಿಂದ ಕಾಣುತ್ತದೆ. ಇಯಾದ ಸೂರ್ಯಾಸ್ತಕ್ಕೆ ನೂರಾರು ಮಂದಿ ಗಂಟೆಗಟ್ಟಲೆ ಮುಂಚೆ ಜಾಗ ಹಿಡಿದು ಕೂರುತ್ತಾರೆ. ಅದೇ ಸೂರ್ಯ ಪಿರ್ಗೋಸ್‌ನಿಂದಲೂ ನೈಋತ್ಯ ತುದಿಯ ಅಕ್ರೊತೀರಿ ದೀಪಸ್ತಂಭದಿಂದಲೂ ಕಾಣುತ್ತಾನೆ.

ಎರಡನೆಯ ದಿನ ಫಿರಾದಿಂದ ಇಯಾಕ್ಕೆ ಅಂಚಿನುದ್ದಕ್ಕೂ ಸಾಗುವ ಸುಮಾರು 10 ಕಿ.ಮೀ. ಕಾಲ್ದಾರಿಯ ನಡಿಗೆ. ಮೂರರಿಂದ ನಾಲ್ಕು ಗಂಟೆ ಬೇಕು. ದಾರಿಯಲ್ಲಿ ನೆರಳಿಲ್ಲದ ಕಾರಣ ಸೂರ್ಯೋದಯಕ್ಕೇ ಹೊರಡಬೇಕು. ನೀರು, ಟೋಪಿ, ಗಟ್ಟಿ ಪಾದರಕ್ಷೆ ಅಗತ್ಯ. ಇಯಾದಲ್ಲಿ ದಟ್ಟಣೆ ಏರುವ ಹೊತ್ತಿಗೆ ಬಸ್ಸು ಹಿಡಿದು ಮರಳಬಹುದು. ನಡೆಯಲಾಗದವರು ಮುಂಜಾನೆಯ ಬಸ್ಸಿನಲ್ಲೇ ಇಯಾಕ್ಕೆ ಹೋಗಿ ಬರಬಹುದು. ದ್ವೀಪದ ಬಸ್ಸುಗಳ ಕೇಂದ್ರ ಫಿರಾ. ಬೇರೆ ಊರುಗಳ ನಡುವೆ ಓಡಾಡಲು ಹೆಚ್ಚಾಗಿ ಅಲ್ಲಿಯೇ ಬಸ್ಸು ಬದಲಿಸಬೇಕು.

ಮೂರನೆಯ ದಿನ ಅಕ್ರೊತೀರಿ. ಆ ಮಹಾಸ್ಫೋಟದ ಬೂದಿಯಡಿ ಹುದುಗಿದ್ದ ಕಂಚಿನ ಯುಗದ ಈ ಪಟ್ಟಣದ ಉತ್ಖನನವನ್ನು 1967ರಲ್ಲಿ ಪುರಾತತ್ತ್ವಜ್ಞ ಸ್ಪಿರಿಡಾನ್ ಮರಿನಾಟೋಸ್ ಆರಂಭಿಸಿದರು. ಎರಡು-ಮೂರು ಅಂತಸ್ತಿನ ಮನೆಗಳು, ಬೀದಿಗಳು, ಚರಂಡಿ ವ್ಯವಸ್ಥೆ, ಧಾನ್ಯದ ಗುಡಾಣಗಳು ಇಲ್ಲಿವೆ. ಸ್ಫೋಟಕ್ಕೆ ಬಲಿಯಾದವರ ಅವಶೇಷಗಳು ಈ ಮನೆಗಳಲ್ಲಿ ಸಿಕ್ಕಿಲ್ಲ. ಭೂಕಂಪದ ಮುನ್ಸೂಚನೆ ಅರಿತು ಜನ ಮೊದಲೇ ಊರು ತೊರೆದಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ನಿವೇಶನದ ಮೇಲೆ ಚಾವಣಿ ಇರುವುದರಿಂದ ಬಿಸಿಲಿನ ಭಯವಿಲ್ಲ.

ಇಲ್ಲಿ ದೊರೆತ ಭಿತ್ತಿಚಿತ್ರಗಳಲ್ಲಿ ಕೆಲವನ್ನು ಫಿರಾದ ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಅವುಗಳಲ್ಲಿ ನೀಲಿ ಕೋತಿಗಳ ಚಿತ್ರ ಭಾರತೀಯರ ಕುತೂಹಲ ಕೆರಳಿಸುವಂಥದು. ಬಾಲವನ್ನು ಮೇಲಕ್ಕೆ ಬಾಗಿಸಿದ ಭಂಗಿಯನ್ನು ಗಮನಿಸಿ, ಇವು ಭಾರತ ಉಪಖಂಡದ ಮುಸುವಗಳೆಂದು ಕಲಾ ಇತಿಹಾಸಕಾರರು ಹಾಗೂ ವಾನರ ತಜ್ಞರ ತಂಡವೊಂದು 2020ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಾದಿಸಿದೆ. ಅದು ನಿಜವಾದರೆ ಮೂರೂವರೆ ಸಾವಿರ ವರ್ಷಗಳ ಹಿಂದೆಯೇ ಏಜಿಯನ್ ಕಡಲಿಗೂ ಸಿಂಧೂ ಕಣಿವೆಯ ಕಡೆಗೂ ಸಂಪರ್ಕವಿತ್ತೆಂದಾಗುತ್ತದೆ. ಎರಡೂ ತಾಣಗಳ ವಾರದ ರಜೆ ಮತ್ತು ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕು. ಅಕ್ರೊತೀರಿಯ ಸಮೀಪದ ಕೆಂಪು ಕಡಲತೀರದಲ್ಲಿ ಬಂಡೆ ಕುಸಿಯುವ ಅಪಾಯವಿದೆ. ದೂರದಿಂದ ನೋಡಿ ಮರಳುವುದೇ ವಿವೇಕ.

ನಾಲ್ಕನೆಯ ದಿನಕ್ಕೆ ಯಾವ ಕಾರ್ಯಕ್ರಮವೂ ಬೇಡ. ಕಡಲತೀರದಲ್ಲಿ ಕುಳಿತು ಓದುವುದು, ಮಧ್ಯಾಹ್ನ ಮಲಗುವುದು, ಸಂಜೆ ಅಡ್ಡಾಡುವುದು. ಸುಮ್ಮನಿರಲಾಗದವರು ದೋಣಿಯಲ್ಲಿ ಕ್ಯಾಲ್ಡೆರಾದ ನಡುವಿನ ನಿಯಾ ಕಮೇನಿ ದ್ವೀಪಕ್ಕೆ ಹೋಗಿ ಬರಬಹುದು. 1950ರಲ್ಲಿ ಕೊನೆಯ ಬಾರಿ ಲಾವಾ ಉಗುಳಿದ ಕರಿಬಂಡೆಗಳ ದ್ವೀಪವಿದು.

ಊಟ-ಉಪಾಹಾರ

ಸಸ್ಯಾಹಾರಿಗಳು ಇಲ್ಲಿ ಹಸಿದಿರಬೇಕಾಗಿಲ್ಲ. ಮಳೆ ಕಡಿಮೆಯಾದ ಬೂದಿಮಣ್ಣಿನಲ್ಲಿ ಬೆಳೆಯುವ ಪುಟ್ಟ ಟೊಮೆಟೊ, ಬಿಳಿ ಬದನೆ, ಹಳದಿ ಬೇಳೆ ದ್ವೀಪದ ಹೆಮ್ಮೆ. ಈ ಬೇಳೆಯನ್ನು ನುಣ್ಣಗೆ ಬೇಯಿಸಿ ಈರುಳ್ಳಿ, ಆಲಿವ್ ಎಣ್ಣೆಯೊಂದಿಗೆ ಬಡಿಸುವ ಫಾವಾ ನಮ್ಮ ಗಟ್ಟಿ ತೊವ್ವೆಯನ್ನು ನೆನಪಿಸುತ್ತದೆ. ಟೊಮೆಟೊ, ಸೊಪ್ಪು, ಹಿಟ್ಟು ಕಲಸಿ ಕರಿದ ತೊಮಾತೊಕೆಫ್ತೆದೆಸ್ ವಡೆಯ ಬಂಧು. ಸಾರು, ತರಕಾರಿ ಖಾದ್ಯಗಳಿಗೆ ಮಾಂಸದ ರಸ ಸೇರಿದೆಯೇ ಎಂದು ಕೇಳಿ ತಿಳಿಯುವುದು ಒಳಿತು.

ಹೊಲಗಳಲ್ಲಿ ದ್ರಾಕ್ಷಿ ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸದೆ ನೆಲದ ಮೇಲೆ ಬುಟ್ಟಿಯಂತೆ ಸುತ್ತಿರುವುದು ಕಾಣುತ್ತದೆ. ಗಾಳಿಯಿಂದ ಹಣ್ಣನ್ನು ಕಾಯುವ, ಇಬ್ಬನಿಯ ತೇವವನ್ನು ಉಳಿಸಿಕೊಳ್ಳುವ ಉಪಾಯವಿದು. ಅಸಿರ್ತಿಕೊ ಎಂಬ ತಳಿಯ ಬಿಳಿ ವೈನ್‌ಗೆ ದ್ವೀಪ ಹೆಸರುವಾಸಿ. ನದಿಯಿಲ್ಲದ ಈ ನೆಲದಲ್ಲಿ ನಲ್ಲಿಯ ನೀರು ಬಹುಪಾಲು ಕಡಲನೀರನ್ನು ಸಿಹಿಗೊಳಿಸಿದ್ದು. ಕುಡಿಯಲು ಬಾಟಲಿ ನೀರನ್ನೇ ಬಳಸುತ್ತಾರೆ. ಸ್ನಾನಕ್ಕೂ ನೀರನ್ನು ಮಿತವಾಗಿ ಬಳಸುವುದು ಅತಿಥಿಯ ಕರ್ತವ್ಯ.

ಕಂಪಿಸುವ ನೆಲ, ಭಾರ ಹೊರುವ ಜನ

ಸ್ಯಾಂಟೊರಿನಿ ಇಂದಿಗೂ ಜೀವಂತ ಜ್ವಾಲಾಮುಖಿ ವಲಯ. 1956ರ ಜುಲೈ 9ರ ಪ್ರಬಲ ಭೂಕಂಪದಲ್ಲಿ 50ಕ್ಕೂ ಹೆಚ್ಚು ಮಂದಿ ಸತ್ತರು. ಮನೆಗಳು ನೆಲಸಮವಾಗಿ ಅನೇಕರು ದ್ವೀಪ ತೊರೆದರು. 2025ರ ಆರಂಭದಲ್ಲಿ ಸ್ಯಾಂಟೊರಿನಿ ಮತ್ತು ಅಮೊರ್ಗೋಸ್ ನಡುವಿನ ಕಡಲಡಿಯಲ್ಲಿ ಸಾವಿರಾರು ಕಂಪನಗಳು ದಾಖಲಾದವು. ಫೆಬ್ರವರಿಯಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ, ಶಾಲೆಗಳು ಮುಚ್ಚಿ, 11,000ಕ್ಕೂ ಹೆಚ್ಚು ಜನ ತಾತ್ಕಾಲಿಕವಾಗಿ ಹೊರಹೋದರು. ಕಂಪನ ತಗ್ಗಿದ ಮೇಲೆ ಬದುಕು ಹಳಿಗೆ ಮರಳಿತು. ಇದಕ್ಕಾಗಿ ಪ್ರವಾಸ ಕೈಬಿಡಬೇಕಿಲ್ಲವಾದರೂ ಹೊರಡುವ ಮುನ್ನ ಅಧಿಕೃತ ಸೂಚನೆಗಳನ್ನು ಗಮನಿಸುವುದು, ವಿಮೆಯಲ್ಲಿ ಪ್ರಯಾಣ ರದ್ದತಿಯನ್ನು ಸೇರಿಸಿಕೊಳ್ಳುವುದು ಉಚಿತ.

ಜನದಟ್ಟಣೆಗೆ ಕಡಿವಾಣ ಹಾಕುವ ಯತ್ನಗಳೂ ನಡೆದಿವೆ. ವಿಹಾರ ನೌಕೆಗಳ ಪ್ರವಾಸಿಗರ ಸಂಖ್ಯೆಗೆ ದಿನಕ್ಕೆ 8,000ದ ಮಿತಿಯನ್ನು 2025ರಿಂದ ವಿಧಿಸಲಾಯಿತು. ಅದೇ ವರ್ಷದ ಜುಲೈಯಿಂದ, ಬೇಸಿಗೆಯಲ್ಲಿ ಇಲ್ಲಿಳಿಯುವ ಪ್ರತಿ ನೌಕಾ ಪ್ರವಾಸಿಗೆ 20 ಯೂರೊ ಶುಲ್ಕ ಜಾರಿಯಾಯಿತು. ಹಳೆಯ ಬಂದರಿನಿಂದ ಫಿರಾಕ್ಕಿರುವ ಸುಮಾರು 588 ಮೆಟ್ಟಿಲುಗಳಲ್ಲಿ ಪ್ರವಾಸಿಗರನ್ನು ಹೊರುವ ಕತ್ತೆಗಳ ಮೇಲೆ 100 ಕಿಲೋಗಿಂತ ಹೆಚ್ಚು ಭಾರ ಹೇರಬಾರದೆಂಬ ನಿಯಮ 2018ರಲ್ಲೇ ಬಂದಿದೆ. ಕೇಬಲ್ ಕಾರ್ ಇರುವಾಗ ಆ ಮೂಕಪ್ರಾಣಿಗಳನ್ನು ಬಳಸದಿರುವುದು ಇನ್ನೂ ಮೇಲು.

ನೀಲಿ ಗುಮ್ಮಟಗಳು ಪ್ರಾರ್ಥನಾ ಮಂದಿರಗಳು. ಬಿಳಿ ಚಾವಣಿಗಳು ಯಾರದೋ ಮನೆಯ ಮೇಲ್ಮಾಡು. ಛಾಯಾಚಿತ್ರಕ್ಕಾಗಿ ಅವುಗಳ ಮೇಲೆ ಹತ್ತುವುದು ಸಲ್ಲದು. ನಡುಹಗಲನ್ನು ವಿಶ್ರಾಂತಿಗೆ ಬಿಟ್ಟು ಮುಂಜಾನೆ ಮತ್ತು ಇಳಿಸಂಜೆಯನ್ನು ಆರಿಸಿಕೊಂಡ ಪ್ರವಾಸಿಗನಿಗೆ ಖಾಲಿ ಬೀದಿ, ತಂಪು ಗಾಳಿ, ಅಂಗಡಿಯವರ ಬಿಡುವಿನ ಮಾತು ಸಿಗುತ್ತವೆ. ಇಕ್ಕಟ್ಟಿನ ಓಣಿಗಳಲ್ಲಿ ದಿನವೂ ಓಡಾಡಬೇಕಾದ ದ್ವೀಪವಾಸಿಗಳಿಗೂ ಅಷ್ಟರಮಟ್ಟಿಗೆ ದಾರಿ ತೆರವಾಗುತ್ತದೆ.